ಹಳೆಯ ಸರ್ವರ್ ಸಹಿಸಿಕೊಂಡಿದ್ದು

ಶನಿವಾರ ರಾತ್ರಿ ಆಫೀಸಿನ ಸರ್ವರ್ ಬದಲಾದರೆ ಸೋಮವಾರ ಬೆಳಿಗ್ಗೆ ದೂರು ಏಳುವುದು ಮೇಜುಗಳಿಂದ. ಒಬ್ಬರಿಗೆ ಲಾಗಿನ್ ಆಗುತ್ತಿಲ್ಲ, ಇನ್ನೊಬ್ಬರಿಗೆ ಪ್ರಿಂಟ್ ಬರುತ್ತಿಲ್ಲ, ಅಕೌಂಟ್ಸ್ ವಿಭಾಗದವರಿಗೆ ಎಫ್ ಡ್ರೈವೇ ಕಾಣುತ್ತಿಲ್ಲ. ಹೊಸ ಸರ್ವರ್ ಮಾತ್ರ ತನ್ನಲ್ಲಿ ಯಾವ ಐಬೂ ಇಲ್ಲವೆಂಬಂತೆ ಹಸಿರು ದೀಪ ಉರಿಸಿಕೊಂಡು ಕೂತಿರುತ್ತದೆ. ಇದಕ್ಕೆ ಎರಡು ವಿವರಣೆಗಳು ಸದಾ ಸಿದ್ಧವಾಗಿರುತ್ತವೆ. ಅಪ್‌ಗ್ರೇಡ್ ಮಾಡಿದವರು ಕೆಲಸ ಕೆಡಿಸಿದರು ಎಂದು ಸಿಬ್ಬಂದಿ ಹೇಳುತ್ತಾರೆ. ಸಿಬ್ಬಂದಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ಅಪ್‌ಗ್ರೇಡ್ ಮಾಡಿದವರು ಹೇಳುತ್ತಾರೆ. ಎರಡರಲ್ಲೂ ಅಷ್ಟಿಷ್ಟು ಸತ್ಯ ಇದ್ದೀತು. ಆದರೆ ಕಳೆದ ನಾಲ್ಕು ದಶಕಗಳ ನೆಟ್‌ವರ್ಕ್ ಚರಿತ್ರೆ ನೋಡಿದರೆ ಮೂರನೆಯ ಕಾರಣವೇ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಹಳೆಯ ಸರ್ವರ್ ಎಷ್ಟೋ ತಪ್ಪುಗಳನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಿತ್ತು. ತಾರೀಖಿಲ್ಲದ ಅರ್ಜಿಗೆ ತಾನೇ ತಾರೀಖು ಹಾಕಿ ಮುಂದೆ ಕಳಿಸುವ ಹಳೇ ಗುಮಾಸ್ತನ ಹಾಗೆ ಅದು ಕೆಲಸ ನಡೆಸಿಕೊಂಡು ಹೋಗುತ್ತಿತ್ತು. ಹೊಸದು ಬಂದ ದಿನ ಆ ಸಹನೆ ಮುಗಿಯುತ್ತದೆ. ಮೇಜುಗಳಲ್ಲಿ ಬಹಳ ಹಿಂದಿನಿಂದ ಇದ್ದ ದೋಷ ಅಂದು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ.

ಈ ಸಹನೆ ಆಕಸ್ಮಿಕವಾಗಿ ಬಂದದ್ದಲ್ಲ, ಅದೊಂದು ಘೋಷಿತ ನೀತಿಯಾಗಿತ್ತು. ಅಮೆರಿಕದ ಆರ್ಪಾನೆಟ್ ಜಾಲದ ನಿಯಮಪತ್ರಗಳನ್ನು ಸಂಪಾದಿಸುತ್ತಿದ್ದ ಜಾನ್ ಪೋಸ್ಟೆಲ್ 1980ರಲ್ಲಿ ಒಂದು ಸೂತ್ರ ಕೊಟ್ಟರು. ಯಂತ್ರ ತಾನು ಕಳಿಸುವಾಗ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು, ಬೇರೆಯವರು ಕಳಿಸಿದ್ದನ್ನು ಪಡೆಯುವಾಗ ಉದಾರವಾಗಿರಬೇಕು ಎಂಬುದು ಅದರ ಸಾರ. ನೂರೆಂಟು ಬಗೆಯ ಯಂತ್ರಗಳು ಪರಸ್ಪರ ಮಾತಾಡಬೇಕಾಗಿದ್ದ ಆ ಕಾಲಕ್ಕೆ ಇದು ತಕ್ಕ ಸೂತ್ರವೇ. ಅದಿಲ್ಲದಿದ್ದರೆ ಅಂತರ್ಜಾಲ ಇಷ್ಟು ಬೇಗ ಹಬ್ಬುತ್ತಿತ್ತೆಂದು ನನಗನ್ನಿಸುವುದಿಲ್ಲ. ಆದರೆ ಆ ಉದಾರತೆಯ ಸಾಲ ಬೆಳೆಯುತ್ತಾ ಹೋಯಿತು. ಪಡೆಯುವವರು ಉದಾರಿಗಳಾದಷ್ಟೂ ಕಳಿಸುವವರು ತಿದ್ದಿಕೊಳ್ಳಬೇಕಾದ ಅಗತ್ಯ ಕಡಿಮೆಯಾಯಿತು. 2023ರಲ್ಲಿ ಅಂತರ್ಜಾಲದ ನಿಯಮಗಳನ್ನು ರೂಪಿಸುವ ವಲಯದಿಂದಲೇ ಈ ಉದಾರತೆಯ ಅಪಾಯಗಳನ್ನು ವಿವರಿಸುವ ಪತ್ರವೊಂದು ಅದೇ ನಿಯಮಪತ್ರಗಳ ಸರಣಿಯಲ್ಲಿ 9413ನೇ ಸಂಖ್ಯೆಯಾಗಿ ಪ್ರಕಟವಾಯಿತು. ಸೂತ್ರ ಹುಟ್ಟಿ ನಲವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದು ಹುಟ್ಟಿದ ಮನೆಯಿಂದಲೇ ಬಂದ ಆಕ್ಷೇಪ ಅದು.

ಮುಂಚೆಯೇ ಸರಿಯಾಗಿ ಯೋಜಿಸಿ, ಪರೀಕ್ಷೆ ಮಾಡಿ ಅಪ್‌ಗ್ರೇಡ್ ಮಾಡಿದರೆ ಈ ಗೋಳೇ ಇರುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ಆರ್ಪಾನೆಟ್ಟೇ ಉತ್ತರ ಕೊಡುತ್ತದೆ. ಇಡೀ ಜಾಲ ಹಳೆಯ ಸಂವಹನ ನಿಯಮವಾದ ಎನ್‌ಸಿಪಿ ಬಿಟ್ಟು ಟಿಸಿಪಿ/ಐಪಿಗೆ ಬರಬೇಕೆಂಬ ಯೋಜನೆಯನ್ನು ಪೋಸ್ಟೆಲ್ 1981ರ ನವೆಂಬರ್‌ನಲ್ಲಿ ಬರಹದಲ್ಲಿ ಪ್ರಕಟಿಸಿದರು. ಗಡುವು 1983ರ ಜನವರಿ 1. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. 1982ರ ಮಧ್ಯದಲ್ಲಿ ಒಂದು ದಿನ ಹಳೆಯ ವ್ಯವಸ್ಥೆಯನ್ನು ಬೇಕೆಂದೇ ನಿಲ್ಲಿಸಿ ಯಾರು ಸಿದ್ಧರಿಲ್ಲ ಎಂದು ತೋರಿಸಿಕೊಟ್ಟರು, ಅದೇ ವರ್ಷದ ಕೊನೆಯ ಭಾಗದಲ್ಲಿ ಎರಡು ದಿನ ನಿಲ್ಲಿಸಿದರು. ಇವರೆಲ್ಲ ಗಣಕಶಾಸ್ತ್ರದ ಸಂಶೋಧಕರು. ಕಂಪ್ಯೂಟರ್ ಬಾರದವರೆಂದು ಯಾರೂ ಹೇಳುವಂತಿಲ್ಲ. ಇಷ್ಟಾದರೂ ಜನವರಿ 1 ಕಳೆದ ಮೇಲೆ ಹಲವು ಕೇಂದ್ರಗಳು ಸರಿಹೋಗಲು ತಿಂಗಳುಗಳೇ ಬೇಕಾದವು. ಟಿಸಿಪಿ ಬದಲಾವಣೆಯಲ್ಲಿ ಬದುಕುಳಿದೆ ಎಂದು ಬರೆದ ಬಿಲ್ಲೆಗಳನ್ನು ಎಂಜಿನಿಯರುಗಳು ತಮಾಷೆಗೆ ಎದೆಗೆ ಸಿಕ್ಕಿಸಿಕೊಂಡಿದ್ದರು. ಆ ವರ್ಷ ಮುಗಿಯುವ ಮುಂಚೆ, ಡಿಸೆಂಬರ್‌ನಲ್ಲಿ, ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ತಮ್ಮ ಜಾಲದ ವಿಚಿತ್ರ ವರ್ತನೆಯ ಮೂಲ ಹುಡುಕಲು ಪಿಂಗ್ ಎಂಬ ಪುಟ್ಟ ಪ್ರೋಗ್ರಾಮ್ ಬರೆದರು. ಕಪ್ಪು ಪರದೆ ತೆರೆದು ಇಂದಿಗೂ ಹಾರ್ಡ್‌ವೇರ್‌ನವರು ಮೊದಲು ಟೈಪ್ ಮಾಡುವುದು ಅದನ್ನೇ. ಪರೀಕ್ಷೆ ಬೇಡವೆಂದು ಇದರ ಅರ್ಥವಲ್ಲ. ಗೊತ್ತಿರುವ ಅವಲಂಬನೆಯನ್ನು ಮಾತ್ರ ಪರೀಕ್ಷೆಗೆ ಒಡ್ಡಬಹುದು. ಹಳೆಯ ವ್ಯವಸ್ಥೆ ಮುಚ್ಚಿಟ್ಟುಕೊಂಡದ್ದು ಪರೀಕ್ಷೆಯ ಪಟ್ಟಿಯಲ್ಲಿ ಬರುವುದೇ ಇಲ್ಲ.

ಸಾಮಾನ್ಯ ಆಫೀಸುಗಳಿಗೆ ಈ ಪಾಠ ಮುಟ್ಟಿದ್ದು 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂದ ಮೇಲೆ. ಅದಕ್ಕೆ ಮೊದಲು ನೋವೆಲ್ ನೆಟ್‌ವೇರ್ ಮತ್ತು ವಿಂಡೋಸ್ ಎನ್‌ಟಿ ಸರ್ವರ್‌ಗಳ ರಾಜ್ಯ. ಎನ್‌ಟಿ ಜಾಲದಲ್ಲಿ ಒಂದು ಪಿಸಿ ಸರ್ವರ್ ಹುಡುಕಬೇಕಾದರೆ ಸುತ್ತಲಿನ ಯಂತ್ರಗಳಿಗೆಲ್ಲ ಕೂಗಿ ಕೇಳಿದರೂ ಸಾಕಿತ್ತು, ಉತ್ತರ ಸಿಗುತ್ತಿತ್ತು. ವಿಂಡೋಸ್ 2000ದ ಆಕ್ಟಿವ್ ಡೈರೆಕ್ಟರಿ ಆ ಕೂಗನ್ನು ನೆಚ್ಚಿಕೊಳ್ಳಲಿಲ್ಲ. ಸರ್ವರ್ ಎಲ್ಲಿದೆ ಎಂಬುದನ್ನು ಡಿಎನ್‌ಎಸ್ ಎಂಬ ಹೆಸರು-ವಿಳಾಸಗಳ ಪಟ್ಟಿಯ ಮೂಲಕವೇ ಕೇಳಿ ತಿಳಿಯಬೇಕಾಯಿತು. ಪಿಸಿಯಲ್ಲಿ ಆಫೀಸಿನ ಡಿಎನ್‌ಎಸ್ ಬದಲು ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ವಿಳಾಸ ತುಂಬಿದ್ದರೆ ವೆಬ್‌ಸೈಟೆಲ್ಲ ತೆರೆಯುತ್ತದೆ, ಪಕ್ಕದ ಕೋಣೆಯ ಸರ್ವರ್ ಸಿಗುವುದಿಲ್ಲ. ಇಂಟರ್ನೆಟ್ ಬರುತ್ತಿದೆಯಲ್ಲ, ಮತ್ತೆ ನೆಟ್‌ವರ್ಕ್ ಕೆಟ್ಟಿದೆ ಎನ್ನುವುದು ಹೇಗೆ ಎಂಬ ಗೊಂದಲದಲ್ಲಿ ಎಷ್ಟು ಆಫೀಸುಗಳ ಎಷ್ಟು ಬೆಳಗುಗಳು ಕಳೆದವೋ. ಗಡಿಯಾರದ ಕತೆಯೂ ಹೀಗೆಯೇ. ಹೊಸ ವ್ಯವಸ್ಥೆಯ ಕೆರ್ಬೆರೋಸ್ ಲಾಗಿನ್‌ನಲ್ಲಿ ಎರಡು ಯಂತ್ರಗಳ ವೇಳೆ ಐದು ನಿಮಿಷಕ್ಕಿಂತ ಹೆಚ್ಚು ಅತ್ತಿತ್ತ ಇರಕೂಡದೆಂಬುದು ಮೊದಲೇ ನಿಗದಿಯಾದ ಮಿತಿ. ಮದರ್‌ಬೋರ್ಡಿನ ಸೆಲ್ ಸತ್ತು ಕಂಪ್ಯೂಟರಿನ ತಾರೀಖು ಹಿಂದೆ ಹೋಗಿದ್ದರೆ ಅದುವರೆಗೆ ಹಾಳಾಗುತ್ತಿದ್ದುದು ಕಡತದ ಮೇಲಿನ ತಾರೀಖು ಮಾತ್ರ. ಈಗ ಬಾಗಿಲೇ ಮುಚ್ಚುವ ಸಂಭವ ಬಂತು. ವಿಂಡೋಸ್ ಸರ್ವರ್ 2003 ಇನ್ನೂ ಬಿಗಿಯಾಯಿತು. ಲಾಗಿನ್ ನೋಡಿಕೊಳ್ಳುವ ಅದರ ಡೊಮೇನ್ ಕಂಟ್ರೋಲರ್ ತನ್ನೊಡನೆ ಮಾತಾಡುವ ಪಿಸಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಹಾಕಲೇಬೇಕೆಂದಿತು. ಹೆಚ್ಚುವರಿ ತಂತ್ರಾಂಶ ಹಾಕಿಕೊಳ್ಳದ ವಿಂಡೋಸ್ 95 ಯಂತ್ರಗಳಿಗೆ ಆ ಸಹಿ ಬರುತ್ತಿರಲಿಲ್ಲ, ಅವು ಹೊರಗುಳಿದವು.

ಹೊರಗುಳಿದದ್ದೇ ಒಳ್ಳೆಯದಾಯಿತಲ್ಲವೇ, ಸಹಿ ಇಲ್ಲದ ಮಾತನ್ನು ನಂಬುವುದು ಅಪಾಯವಲ್ಲವೇ ಎಂದು ಭದ್ರತೆಯ ಕಡೆಯವರು ಕೇಳುತ್ತಾರೆ. ಅವರ ವಾದ ತಳ್ಳಿಹಾಕುವಂಥದ್ದಲ್ಲ. ಕಡತ ಹಂಚಿಕೆಯ ಹಳೆಯ ಭಾಷೆಯಾದ ಎಸ್‌ಎಂಬಿ 1ರ ಒಂದು ಬಿರುಕಿಗೆ ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲಿ ತೇಪೆ ಕೊಟ್ಟಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳೊಳಗೆ ಮೇ 12ರಂದು ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ನುಗ್ಗಿತು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸುವಂತಾಯಿತು. ಹಳೆಯದನ್ನು ಸಹಿಸಿದ್ದಕ್ಕೆ ಇದಕ್ಕಿಂತ ದುಬಾರಿ ಬೆಲೆ ಬೇಕೆ? ಆ ವರ್ಷದ ಕೊನೆಗೆ ಬಂದ ವಿಂಡೋಸ್ ಆವೃತ್ತಿಗಳಲ್ಲಿ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. ಅಪ್‌ಗ್ರೇಡ್ ಮಾಡಿ ಅವನ್ನು ಹೊಸದಾಗಿ ಹಾಕಿಕೊಂಡ ಆಫೀಸುಗಳಲ್ಲಿ ಮರುದಿನ ಕೈಕೊಟ್ಟದ್ದು ಮೂಲೆಯ ಜೆರಾಕ್ಸ್ ಯಂತ್ರ. ಸ್ಕ್ಯಾನ್ ಮಾಡಿದ್ದನ್ನು ಸರ್ವರ್‌ನ ಫೋಲ್ಡರ್‌ಗೆ ಹಾಕಲು ಅದಕ್ಕೆ ಗೊತ್ತಿದ್ದುದು ಹಳೆಯ ಭಾಷೆ ಒಂದೇ. ಹಳತನ್ನು ನಿಲ್ಲಿಸಿದ್ದು ಸರಿಯೇ ಎಂದು ಒಪ್ಪಿದರೂ, ಬೆಲೆ ಯಾರ ಪಾಲಿಗೆ ಬಂತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನಿರ್ಧಾರ ಮಾಡಿದವರು ದೂರದಲ್ಲಿದ್ದರು. ಅರ್ಜಿದಾರನೆದುರು ಸ್ಕ್ಯಾನ್ ಆಗುತ್ತಿಲ್ಲ ನಾಳೆ ಬನ್ನಿ ಎಂದು ಮುಖ ಕೆಡಿಸಿಕೊಂಡದ್ದು ಕೌಂಟರಿನವರು.

ಕನ್ನಡದ ಕಚೇರಿಗಳಿಗೆ ಇದೇ ಜಾತಿಯ ಇನ್ನೊಂದು ತೊಡಕಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತ ನಿಜವಾಗಿ ರೋಮನ್ ಅಕ್ಷರಗಳ ಸಂಕೇತಗಳನ್ನೇ ಹೊತ್ತಿರುತ್ತದೆ. ಅವು ಕನ್ನಡವಾಗಿ ಕಾಣುವುದು ಫಾಂಟಿನ ದಯೆಯಿಂದ. ಆ ಫಾಂಟ್ ಹಾಕದ ಹೊಸ ಕಂಪ್ಯೂಟರಿನಲ್ಲಿ ಆದೇಶಪತ್ರ ತೆರೆದರೆ ಕೊಂಬು ಬಾಲ ಹೊತ್ತ ರೋಮನ್ ಅಕ್ಷರಗಳ ಸಂತೆ. ಕಡತವೇ ಕೆಟ್ಟಿತೆಂದು ಗಾಬರಿಯಾಗುವವರುಂಟು. ಕೆಟ್ಟಿರುವುದಿಲ್ಲ, ಯೂನಿಕೋಡ್ ಪರಿವರ್ತಕದಲ್ಲಿ ಹಾಯಿಸಿದರೆ ಹೆಚ್ಚುಪಾಲು ಸರಿಹೋಗುತ್ತದೆ. ಅಂಥ ಕಡತಗಳ ಪಟ್ಟಿಯನ್ನು ಮಾತ್ರ ಯಾವ ಕಚೇರಿ ಇಟ್ಟಿದ್ದೀತು!

ಎಲ್ಲವೂ ಕ್ಲೌಡ್‌ಗೆ ಹೋದ ಮೇಲೆ ಆಫೀಸಿನಲ್ಲಿ ಸರ್ವರೇ ಇಲ್ಲ, ಅಪ್‌ಗ್ರೇಡ್ ರಗಳೆಯೂ ಇಲ್ಲ ಎಂಬ ಮಾತು ಈಗ ಚಲಾವಣೆಯಲ್ಲಿದೆ. ರಗಳೆ ಎಲ್ಲಿಗೂ ಹೋಗಿಲ್ಲ, ಅದರ ತಾರೀಖು ನಿಗದಿ ಮಾಡುವ ಅಧಿಕಾರ ಮಾತ್ರ ಆಫೀಸಿನ ಕೈತಪ್ಪಿದೆ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಬೇರೆ ಸಾಧನಗಳು ವೈಯಕ್ತಿಕ ಜಿಮೇಲ್ ಖಾತೆಯೊಳಗೆ ಬರುವುದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಅಂಥ ಖಾತೆಯಿಂದಲೇ ಸ್ಕ್ಯಾನ್ ಕಳಿಸುತ್ತಿದ್ದ ಸಣ್ಣ ಆಫೀಸಿನ ಯಂತ್ರಕ್ಕೆ ಯಾರೂ ಕೈ ಹಚ್ಚಿರಲಿಲ್ಲ, ಆದರೂ ಅದು ನಿಂತಿತು. ಶನಿವಾರ ರಾತ್ರಿ ತಾನೇ ಬದಲಿಸಿದ್ದ ಸರ್ವರ್ ಆಗಿದ್ದರೆ ಏನು ಬದಲಾಯಿತೆಂದಾದರೂ ಆಫೀಸಿಗೆ ಗೊತ್ತಿರುತ್ತಿತ್ತು.

ತಯಾರಕರು ಏನನ್ನೂ ಕಲಿಯಲಿಲ್ಲ ಎಂದರೆ ಅನ್ಯಾಯವಾದೀತು. ಎಸ್‌ಎಂಬಿ 1 ಇಲ್ಲದೆ ನಡೆಯದ ಉಪಕರಣಗಳ ಹೆಸರುಗಳನ್ನು ಮೈಕ್ರೋಸಾಫ್ಟ್‌ನ ನೆಡ್ ಪೈಲ್ 2017ರಲ್ಲಿ ಬಹಿರಂಗವಾಗಿ ಪಟ್ಟಿಮಾಡಿದರು. ಹಳೆಯ ಭಾಷೆಯಲ್ಲಿ ಯಾವ ಯಂತ್ರ ಬಂದು ಮಾತಾಡಿತೆಂದು ದಾಖಲಿಸುವ ಸೌಲಭ್ಯ ಸರ್ವರ್‌ನಲ್ಲೇ ಬಂತು. 2024ರ ವಿಂಡೋಸ್ 11ರ 24ಎಚ್2 ಆವೃತ್ತಿ ಆಫೀಸಿನ ಪಿಸಿಗಳಿಗೆ ಸಹಿಯನ್ನು ಮತ್ತೆ ಕಡ್ಡಾಯ ಮಾಡಿದಾಗ ಜಾಲಕ್ಕೆ ಜೋಡಿಸಿದ್ದ ಅಗ್ಗದ ಕಡತ ಸಂಗ್ರಹ ಪೆಟ್ಟಿಗೆಗಳು ಕೈಕೊಟ್ಟವು. 2003ರಲ್ಲಿ ಸರ್ವರ್ ಪಿಸಿಯನ್ನು ಕೇಳಿದ್ದ ಸಹಿಯನ್ನು ಈ ಸಲ ಪಿಸಿಯೇ ಎದುರಿನವರಿಂದ ಕೇಳತೊಡಗಿತ್ತು. ಸಹಿ ಹಾಕಲಾರದ ಸಾಧನಗಳನ್ನು ಮುಂಚೆಯೇ ಗುರುತಿಸುವ ದಾಖಲೆಯೂ ಅದೇ ಆವೃತ್ತಿಯ ಜೊತೆ ಬಂದಿದೆ. ದೊಡ್ಡ ಕಂಪನಿಯಲ್ಲಿ ಅದನ್ನು ಓದಲೆಂದೇ ಸಂಬಳದ ಜನ ಇರುತ್ತಾರೆ. ವಾರ್ಷಿಕ ಕರಾರಿನ ಮೇಲೆ ಕರೆದಾಗ ಬರುವ ಒಬ್ಬ ತಂತ್ರಜ್ಞನನ್ನೇ ನೆಚ್ಚಿಕೊಂಡ ಸಹಕಾರ ಸಂಘದಲ್ಲೋ ಲೆಕ್ಕಪರಿಶೋಧಕರ ಕಚೇರಿಯಲ್ಲೋ ಆ ದಾಖಲೆಯನ್ನು ತೆರೆದು ನೋಡುವುದು ಪ್ರಿಂಟ್ ನಿಂತ ಮೇಲೆಯೇ.