ಪಾಟಲಿಪುತ್ರದ ಜಲಪ್ರಳಯ: ಭವಿಷ್ಯವಾಣಿಯನ್ನು ಚರಿತ್ರೆಯಾಗಿ ಓದಬಹುದೇ?

ಪ್ರಾಚೀನ ಭಾರತದ ರಾಜಧಾನಿಗಳಲ್ಲಿ ಪ್ರಕೃತಿಯ ಮುನಿಸಿಗೆ ಮತ್ತೆ ಮತ್ತೆ ಈಡಾದ ನಗರವೆಂದರೆ ಪಾಟಲಿಪುತ್ರ, ಅಂದರೆ ಇಂದಿನ ಪಟ್ನಾ. ಮಗಧದ ಅರಸರು ಬೆಟ್ಟಗಳೇ ಕೋಟೆಯಾಗಿದ್ದ ರಾಜಗೃಹವನ್ನು ಬಿಟ್ಟು ಬಯಲಿಗಿಳಿದು ಗಂಗೆಯ ದಡದಲ್ಲಿ ನೆಲೆ ನಿಂತರು. ಗಂಗೆ, ಶೋಣ, ಗಂಡಕ, ಪುನ್‌ಪುನ್ ನದಿಗಳು ಸಮೀಪದಲ್ಲೇ ಕೂಡುವ ಆ ತಾಣ ದೋಣಿಗೆ ಎಷ್ಟು ಅನುಕೂಲವೋ ನೆರೆಗೂ ಅಷ್ಟೇ ಅನುಕೂಲ. ಇದು ಹಿಂದಿನವರಿಗೆ ತಿಳಿಯದ ಸಂಗತಿಯಲ್ಲ. ಬೌದ್ಧರ ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧನು ಈ ಊರಿಗೆ ಬೆಂಕಿ, ನೀರು, ಒಳಜಗಳ ಎಂಬ ಮೂರು ಗಂಡಾಂತರಗಳನ್ನು ಮುಂಚಿತವಾಗಿಯೇ ಹೇಳಿಬಿಡುತ್ತಾನೆ.

ಜೈನ ಪರಂಪರೆಯಲ್ಲಿ ಈ ನಗರದ ಹುಟ್ಟೇ ನೀರಿನೊಡನೆ ಬೆಸೆದುಕೊಂಡಿದೆ. ಹೇಮಚಂದ್ರನ ಪರಿಶಿಷ್ಟಪರ್ವ ಹೇಳುವ ಕಥೆಯಲ್ಲಿ ವೃದ್ಧ ಆಚಾರ್ಯ ಅನ್ನಿಕಾಪುತ್ರರು ದೋಣಿಯಲ್ಲಿ ಗಂಗೆಯನ್ನು ದಾಟುತ್ತಿರುತ್ತಾರೆ. ಅವರು ಕುಳಿತ ಕಡೆಗೇ ದೋಣಿ ವಾಲುತ್ತದೆಂದು ಜನ ಅವರನ್ನು ಹೊಳೆಗೆ ನೂಕುತ್ತಾರೆ. ಆಚಾರ್ಯರು ಅಲ್ಲಿಯೇ ಮುಕ್ತಿ ಪಡೆಯುತ್ತಾರೆ. ಅವರ ತಲೆಬುರುಡೆ ತೇಲಿಬಂದು ದಡಕ್ಕೆ ತಾಗುತ್ತದೆ, ಅದರೊಳಗೆ ಬಿದ್ದ ಪಾಟಲೀ ಬೀಜ ಮರವಾಗುತ್ತದೆ. ಆ ಮರವನ್ನು ಗುರುತಾಗಿಟ್ಟುಕೊಂಡು ಉದಾಯಿ ರಾಜನು ಹೊಸ ರಾಜಧಾನಿ ಕಟ್ಟಿಸುತ್ತಾನೆ. ಹೊಳೆ ತಂದು ಒಗೆದ ವಸ್ತುವಿನ ಮೇಲೆ ನಿಂತ ನಗರವಿದು.

ಇನ್ನು ಮುಳುಗಿದ ಕಥೆ. ಶ್ವೇತಾಂಬರರ ಪ್ರಕೀರ್ಣಕಗಳಲ್ಲೊಂದಾದ, ಪ್ರಾಕೃತದ ತಿತ್ಥೋಗಾಲಿಯಲ್ಲಿ ಪಾಟಲಿಪುತ್ರದ ಮಹಾಪ್ರವಾಹದ ವಿಸ್ತಾರವಾದ ವರ್ಣನೆಯಿದೆ. ಲೋಭಿಯಾದ ಕಲ್ಕಿ ರಾಜನು ನಂದರ ಐದು ಸ್ತೂಪಗಳಲ್ಲಿ ಹೊನ್ನು ಹುದುಗಿದೆಯೆಂದು ಕೇಳಿ ಅವನ್ನು ಅಗೆಯಿಸುತ್ತಾನೆ. ಶ್ರಮಣರ ಭಿಕ್ಷೆಗೂ ಕೈಹಾಕುತ್ತಾನೆ. ಆಮೇಲೆ ಹಗಲಿರುಳು ಬಿಡದ ಮಳೆ. ಗಂಗೆ ಶೋಣಗಳೆರಡೂ ಉಕ್ಕಿ ನಗರವನ್ನು ಸುತ್ತುಗಟ್ಟುತ್ತವೆ, ಬದುಕುಳಿದವರು ಕೆಲವರೇ.

ತೊಡಕೆಂದರೆ, ಇದೆಲ್ಲ ಭವಿಷ್ಯವಾಣಿಯ ರೂಪದಲ್ಲಿದೆ. ಗ್ರಂಥಕಾರ ‘ಹೀಗಾಯಿತು’ ಎನ್ನುವುದಿಲ್ಲ, ‘ಹೀಗಾಗಲಿದೆ’ ಎನ್ನುತ್ತಾನೆ. ಕೆಲವು ವಿದ್ವಾಂಸರು ಇದನ್ನು ನಡೆದುಹೋದ ನೆರೆಯೊಂದರ ವರದಿಯೆಂದೇ ತೆಗೆದುಕೊಂಡು ಅದಕ್ಕೆ ಕಾಲವನ್ನು ಹುಡುಕಿದ್ದಾರೆ. 5ನೆಯ ಶತಮಾನದ ಆರಂಭದಲ್ಲಿ ಬಂದ ಫಾಹಿಯಾನ್ ಸಮೃದ್ಧ ನಗರವನ್ನು ಕಂಡ, 7ನೆಯ ಶತಮಾನದಲ್ಲಿ ಬಂದ ಹ್ಯೂಯೆನ್‌ತ್ಸಾಂಗ್ ಹಾಳು ಗೋಡೆಗಳನ್ನು ಕಂಡ. ನಡುವೆ ಈ ನೆರೆ ಬಂದಿರಬೇಕು ಎಂಬುದು ವಾದ. ಆಕರ್ಷಕವಾದ ವಾದವೇ. ಆದರೆ ರಾಜಧಾನಿಯೊಂದು ಪಾಳುಬೀಳುವುದಕ್ಕೆ ನೆರೆಯೇ ಆಗಬೇಕೆಂದಿಲ್ಲ, ರಾಜ್ಯ ಕುಸಿದರೂ ಸಾಕು.

ಹ್ಯೂಯೆನ್‌ತ್ಸಾಂಗ್‌ನ ಬರವಣಿಗೆಯನ್ನು ಬೇರೊಂದು ಕಾರಣಕ್ಕೆ ಇದರೊಡನೆ ಇಟ್ಟು ನೋಡಬೇಕು. ಅವನೂ ಪಾಟಲಿಪುತ್ರದ ಐದು ಸ್ತೂಪಗಳನ್ನು ಹೇಳುತ್ತಾನೆ, ಅವುಗಳಲ್ಲಿ ನಂದನ ನಿಧಿಯಿದೆಯೆಂಬ ಜನರ ನಂಬಿಕೆಯನ್ನು ಹೇಳುತ್ತಾನೆ, ಮುಂದೊಬ್ಬ ರಾಜ ಸೈನ್ಯದೊಡನೆ ಬಂದು ಅಗೆಯಿಸಿದ್ದನ್ನೂ ಹೇಳುತ್ತಾನೆ. ಅಲ್ಲಿ ಅದರ ಫಲ ನೆರೆಯಲ್ಲ, ಭೂಕಂಪ. ಒಂದೇ ಸ್ಥಳೀಯ ಐತಿಹ್ಯ ಜೈನನ ಕೈಯಲ್ಲಿ ನೀರಾಗಿದೆ, ಚೀನೀ ಯಾತ್ರಿಕನ ಕೈಯಲ್ಲಿ ನೆಲನಡುಕವಾಗಿದೆ. ಹಾಗಾದರೆ ಇದು ಒಂದು ನಿರ್ದಿಷ್ಟ ಘಟನೆಯ ದಾಖಲೆಯಲ್ಲ. ಪಾಪ ಮಾಡಿದ ಅರಸನ ಕಥೆಗೆ ಆ ಊರಿನವರು ಕಂಡುಂಡ ಉತ್ಪಾತಗಳು ಬಂದು ಅಂಟಿಕೊಂಡಿವೆ. ಎರಡೂ ಉತ್ಪಾತಗಳು ಆ ನೆಲಕ್ಕೆ ಹೊಸವಲ್ಲ. 1934ರ ಜನವರಿ 15ರ ಬಿಹಾರ ಭೂಕಂಪವನ್ನೂ 1975ರ ಆಗಸ್ಟ್‌ನ ನೆರೆಯನ್ನೂ ಪಟ್ನಾ ಕಂಡಿದೆ.

ಆದಕಾರಣ ತಿತ್ಥೋಗಾಲಿಯಿಂದ ಇಸವಿಯನ್ನು ಹಿಂಡಿ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಭೂಗೋಳವನ್ನು ಮಾತ್ರ ತೆಗೆದುಕೊಳ್ಳಬಹುದು, ಅದು ಖಚಿತವಾಗಿದೆ. ಇಂದು ಶೋಣ ಗಂಗೆಯನ್ನು ಸೇರುವುದು ಪಟ್ನಾದ ಪಶ್ಚಿಮಕ್ಕೆ ಮನೇರ್ ಬಳಿ. ಕಥೆಯಲ್ಲಿ ಅದು ನಗರದ ಪಕ್ಕದಲ್ಲೇ ಇದೆ. ಮೆಗಸ್ತನೀಸನೂ ಪಾಟಲಿಪುತ್ರವನ್ನು ಗಂಗೆ ಮತ್ತು ಎರನ್ನೊಬೋಅಸ್, ಅಂದರೆ ಹಿರಣ್ಯವಾಹವೆಂಬ ಶೋಣದ ಸಂಗಮದಲ್ಲಿ ಇರಿಸುತ್ತಾನೆ. 64 ಬಾಗಿಲು, 570 ಬುರುಜುಗಳ ಮರದ ಕೋಟೆಯನ್ನು ಅವನು ವರ್ಣಿಸಿದ್ದಾನೆ. ಭಾರತದಲ್ಲಿ ನದಿದಡದ ಊರುಗಳನ್ನು ಮರದಿಂದಲೂ ಎತ್ತರದ ಊರುಗಳನ್ನು ಇಟ್ಟಿಗೆ ಮಣ್ಣಿನಿಂದಲೂ ಕಟ್ಟುತ್ತಿದ್ದರು, ಮಳೆ ನೆರೆಗಳೇ ಅದಕ್ಕೆ ಕಾರಣ ಎಂಬ ಮಾತು ಅವನನ್ನು ಆಧರಿಸಿದ ಅರಿಯನ್‌ನಲ್ಲಿ ಸಿಗುತ್ತದೆ. ಬುಲಂದಿಬಾಗ್‌ನ ಉತ್ಖನನದಲ್ಲಿ ಆ ಮರದ ಗೋಡೆಯ ಸಾಲುಗಳು ದೊರೆತವು.

ನಮ್ಮ ವಿದ್ಯಾರ್ಥಿಗಳು ಇಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ನೆನೆಯುವುದು ಸಹಜ. ಶ್ವೇತಾಂಬರರ ಪ್ರಕಾರ ಕ್ಷಾಮ ಮುಗಿದ ಮೇಲೆ ಸಂಘವು ಪಾಟಲಿಪುತ್ರದಲ್ಲಿಯೇ ಸೇರಿ ಹನ್ನೊಂದು ಅಂಗಗಳನ್ನು ಕೂಡಿಸಿಕೊಂಡಿತು. ಶ್ರುತವು ಕಂಠದಲ್ಲಿದ್ದ ಕಾಲದಲ್ಲಿ ಬರವೆಂದರೆ ಗ್ರಂಥನಾಶವೂ ಹೌದು. ಆದರೆ ಕ್ರಿ.ಶ. 600ರ ಸುಮಾರಿನ ಶ್ರವಣಬೆಳಗೊಳದ ಚಂದ್ರಗಿರಿ ಶಾಸನ ಭದ್ರಬಾಹುಸ್ವಾಮಿಗಳು ಆ ವಿಪತ್ತನ್ನು ಮುಂಗಂಡು ನುಡಿದದ್ದು ಉಜ್ಜಯಿನಿಯಲ್ಲಿ ಎನ್ನುತ್ತದೆ. ಎರಡನ್ನೂ ಹೊಲಿದು ಒಂದು ಕಥೆ ಮಾಡುವ ಆತುರ ತರಗತಿಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಾಣುತ್ತದೆ. ನಾನೂ ಹಲವು ವರ್ಷ ಹಾಗೆಯೇ ಪಾಠ ಹೇಳಿದವನು. ಶಾಸನದಲ್ಲಿ ಇರುವ ಊರನ್ನು ಇರುವಂತೆಯೇ ಓದಬೇಕು.

2019ರ ಸೆಪ್ಟೆಂಬರ್ ಕೊನೆಯ ಮಳೆಗೆ ಪಟ್ನಾದ ರಾಜೇಂದ್ರನಗರ, ಕಂಕರ್‌ಬಾಗ್ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಅಲ್ಲಿಂದ ಕುಮ್ರಾಹಾರ್ ದೂರವಿಲ್ಲ. ಅಲ್ಲಿ ಅಗೆದು ತೆಗೆದಿದ್ದ ಮೌರ್ಯರ ಎಂಬತ್ತು ಕಂಬಗಳ ಸಭಾಮಂಟಪದ ನೆಲೆಗೆ ಅಂತರ್ಜಲ ಏರಿ ಬಂದು, ಅದನ್ನು ಉಳಿಸಲೆಂದು ಪುರಾತತ್ತ್ವ ಇಲಾಖೆ ಮತ್ತೆ ಮಣ್ಣು ಮುಚ್ಚಬೇಕಾಯಿತು.