ಬೆಂಗಳೂರಿನ ಪಶ್ಚಿಮಭಾಗದಲ್ಲಿ ಮೆಟ್ರೋ ಮಾರ್ಗದ ಬೆಳವಣಿಗೆ (2014–2023)

ಪೇಟೆಯಿಂದ ಹೊರಟ ದಾರಿಗೆ ಅದು ಮುಟ್ಟುವ ಊರಿನ ಹೆಸರನ್ನೇ ಇಡುವುದು ಬೆಂಗಳೂರಿನ ಹಳೆಯ ವಾಡಿಕೆ. ಮಾಗಡಿ ರಸ್ತೆ, ಮೈಸೂರು ರಸ್ತೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. 1638ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಹಿಡಿದ ಬಳಿಕ ಕೆಂಪೇಗೌಡರ ವಂಶದವರು ಮಾಗಡಿಯನ್ನು ನೆಲೆಯಾಗಿ ಮಾಡಿಕೊಂಡರು. ಕೆಂಗೇರಿಯ ಮೂಲಕ ಹಾಯ್ದ ಮೀಟರ್ ಗೇಜ್ ರೈಲುದಾರಿಯು 1882ರಲ್ಲಿ ಮೈಸೂರನ್ನು ತಲಪಿತು. ಪಶ್ಚಿಮದ ಮೆಟ್ರೋ ಮಾರ್ಗವು ಈ ಹಳೆಯ ದಿಕ್ಕುಗಳನ್ನು ಎಷ್ಟರಮಟ್ಟಿಗೆ ಅನುಸರಿಸಿತು, ಎಲ್ಲಿ ಬಿಟ್ಟಿತು ಎಂಬುದು ವಿಚಾರಾರ್ಹವಾದ ವಿಷಯ.

ನಗರದ ಮೊದಲ ಮೆಟ್ರೋ 2011ನೆಯ ಅಕ್ಟೋಬರ್ 20ರಂದು ಪೂರ್ವದಲ್ಲಿ, ಬೈಯಪ್ಪನಹಳ್ಳಿಗೂ ಮಹಾತ್ಮಾ ಗಾಂಧಿ ರಸ್ತೆಗೂ ನಡುವೆ ಓಡಿತು. ಪಶ್ಚಿಮಕ್ಕೆ ಅದು ಬಂದುದು ತುಂಡುತುಂಡಾಗಿ. 2014ನೆಯ ಮಾರ್ಚ್ 1ರಂದು ಹಸಿರು ಮಾರ್ಗದ ಸಂಪಿಗೆ ರಸ್ತೆ–ಪೀಣ್ಯ ಭಾಗವು ತೆರೆದು, ರಾಜಾಜಿನಗರಕ್ಕೆ ನಿಲ್ದಾಣ ದೊರೆಯಿತು. 2015ನೆಯ ನವೆಂಬರ್ 16ರಂದು ನೇರಳೆ ಮಾರ್ಗದ ಮಾಗಡಿ ರಸ್ತೆ–ಮೈಸೂರು ರಸ್ತೆ ಭಾಗವು ವಿಜಯನಗರದ ಮೂಲಕ ಪ್ರಾರಂಭವಾಯಿತು. ಆದರೆ ಇವೆರಡೂ ಒಂದಕ್ಕೊಂದು ಸೇರಿರಲಿಲ್ಲ. ನಗರದ ನಡುಭಾಗಕ್ಕೂ ಸೇರಿರಲಿಲ್ಲ. 2016ನೆಯ ಏಪ್ರಿಲ್ ಕೊನೆಯಲ್ಲಿ ಸುರಂಗಮಾರ್ಗವು ತೆರೆದ ಮೇಲೆಯೇ ವಿಜಯನಗರದವರು ಗಾಡಿ ಬದಲಿಸದೆ ಬೈಯಪ್ಪನಹಳ್ಳಿಗೆ ಹೋಗಬಹುದಾಯಿತು. ಹಸಿರು ಮಾರ್ಗವು ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗವನ್ನು ಕೂಡಿದುದು 2017ನೆಯ ಜೂನ್ ತಿಂಗಳಲ್ಲಿ.

ಅದೇ ವರ್ಷ ಭಾಷೆಯ ಪ್ರಶ್ನೆಯೂ ತಲೆಯೆತ್ತಿತು. ನಿಲ್ದಾಣಗಳ ಫಲಕಗಳಲ್ಲಿ ಕನ್ನಡ, ಇಂಗ್ಲಿಷುಗಳ ಜೊತೆಗೆ ಹಿಂದಿಯೂ ಇದ್ದುದನ್ನು ಕನ್ನಡಿಗರು ವಿರೋಧಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರ ಸರ್ಕಾರಕ್ಕೆ ಪತ್ರ ಬರೆದರು. ಹಿಂದಿಯ ಬರಹವನ್ನು ತೆಗೆಯಲಾಯಿತು. ‘ನಮ್ಮ ಮೆಟ್ರೋ’ ಎಂಬ ಹೆಸರಿನ ಮೊದಲ ಪದಕ್ಕೆ ಅರ್ಥವೇನೆಂಬುದು ಈ ಸಂದರ್ಭದಲ್ಲಿ ಪರೀಕ್ಷೆಗೆ ಒಳಪಟ್ಟಿತೆನ್ನಬಹುದು.

2018ನೆಯ ಜೂನ್ 22ರಂದು ಮೂರು ಬೋಗಿಗಳ ಗಾಡಿಗೆ ಬದಲಾಗಿ ಆರು ಬೋಗಿಗಳ ಮೊದಲ ಗಾಡಿಯು ನೇರಳೆ ಮಾರ್ಗದಲ್ಲಿ ಓಡಿತು. 2020ನೆಯ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ನಿಂತ ಸಂಚಾರವು ಸೆಪ್ಟೆಂಬರ್ 7ರಂದು ಪುನಃ ಮೊದಲಾಯಿತು. ಸುಮಾರು ಆರು ವರ್ಷಕಾಲ ಮಾರ್ಗದ ಕೊನೆಯಾಗಿದ್ದ ಮೈಸೂರು ರಸ್ತೆ ನಿಲ್ದಾಣವು 2021ನೆಯ ಆಗಸ್ಟಿನಲ್ಲಿ ನಡುವಣ ನಿಲ್ದಾಣವಾಯಿತು, ಸುಮಾರು 7.5 ಕಿಲೋಮೀಟರು ಮುಂದುವರಿದ ಮಾರ್ಗವು ನಾಯಂಡಹಳ್ಳಿ, ಜ್ಞಾನಭಾರತಿಗಳನ್ನು ಹಾಯ್ದು ಕೆಂಗೇರಿಯನ್ನು ಮುಟ್ಟಿತು. 2023ನೆಯ ಅಕ್ಟೋಬರ್ 9ರಂದು ಚಲ್ಲಘಟ್ಟವೇ ಕೊನೆಯಾಗಿ, ನೇರಳೆ ಮಾರ್ಗದ ಒಟ್ಟು ಉದ್ದವು 43.49 ಕಿಲೋಮೀಟರಾಯಿತು.

ಈ ಕ್ರಮವನ್ನು ಪರಿಶೀಲಿಸಿದರೆ ಒಂದು ಅಂಶವು ಸ್ಪಷ್ಟವಾಗುತ್ತದೆ. ಪೇಟೆಯಿಂದ ಹೊರಕ್ಕೆ ಚಾಚಿದ ಹಳೆಯ ದಾರಿಗಳಿಗೆ ಮೆಟ್ರೋ ಒದಗಿತು. ಬಡಾವಣೆಯಿಂದ ಬಡಾವಣೆಗೆ ಹೋಗುವ ಅಡ್ಡದಾರಿಗೆ ಒದಗಲಿಲ್ಲ. ರಾಜಾಜಿನಗರ, ವಿಜಯನಗರಗಳು ಕಾರ್ಡ್ ರಸ್ತೆಯ ನೆರೆಹೊರೆಗಳಾದರೂ, ಮೆಟ್ರೋದಲ್ಲಿ ಹೋಗುವವರು ಮೆಜೆಸ್ಟಿಕ್ಕನ್ನು ಸುತ್ತಿಯೇ ಹೋಗಬೇಕಾಯಿತು. ಇವೆರಡರ ನಡುವಣ ಬಸವೇಶ್ವರನಗರಕ್ಕೆ ಈ ದಶಕದಲ್ಲಿ ನಿಲ್ದಾಣವೇ ದೊರೆಯಲಿಲ್ಲ. 2024ನೆಯ ಆಗಸ್ಟ್ 16ರಂದು ಕೇಂದ್ರ ಸಚಿವಸಂಪುಟವು ಒಪ್ಪಿದ ಮೂರನೆಯ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ 12.5 ಕಿಲೋಮೀಟರಿನ ಮಾರ್ಗವು ಸೇರಿದೆ. ಅದು ಬಸವೇಶ್ವರನಗರದ ದಕ್ಷಿಣದ ಅಂಚಿಗೆ ಸಮೀಪವಾಗಿ ಸಾಗತಕ್ಕದ್ದು. ಆದರೆ ಅದು ಹಿಡಿಯುವುದೂ ಮಾಗಡಿ ರಸ್ತೆಯನ್ನೇ. ವಾಹನವು ಹೊಸದಾದರೂ ದಾರಿಯ ವಿನ್ಯಾಸವು ಕೆಂಪೇಗೌಡರ ಪೇಟೆಯಿಂದ ಬಂದದ್ದೇ ಆಗಿ ಉಳಿಯಿತೆಂಬುದು ಈ ಹತ್ತು ವರ್ಷಗಳ ಚರಿತ್ರೆಯಿಂದ ವೇದ್ಯವಾಗುತ್ತದೆ.