ಏಲಕ್ಕಿ ಮತ್ತು ಕಾಳುಮೆಣಸಿನ ಪರಿಮಳಗಳು

ಏಲಕ್ಕಿ ಮತ್ತು ಕಾಳುಮೆಣಸು ಪಶ್ಚಿಮ ಘಟ್ಟಗಳನ್ನು ಮೂಲಸ್ಥಾನವಾಗಿ ಹೊಂದಿರುವ ಎರಡು ಸಂಬಾರ ಬೆಳೆಗಳು. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ಕಾಫಿ ತೋಟಗಳಲ್ಲಿ ಇವೆರಡನ್ನೂ ಬೆಳೆಯಲಾಗುತ್ತದೆ. ಸುಗಂಧದ್ರವ್ಯ ತಯಾರಿಕೆಯಲ್ಲಿ ಇವುಗಳ ತೈಲಗಳು ಸಂಬಾರ ಪರಿಮಳಗಳ ಗುಂಪಿಗೆ ಸೇರುತ್ತವೆ. ಪುರುಷರಿಗಾಗಿ ತಯಾರಾಗುವ, ಚಳಿಗಾಲಕ್ಕೆ ಒಪ್ಪುವ ಬೆಚ್ಚನೆಯ ಸುಗಂಧಗಳಲ್ಲಿ ಎರಡೂ ಬಳಕೆಯಲ್ಲಿವೆ. ಆದರೆ ರಾಸಾಯನಿಕ ಸಂಯೋಜನೆಯಲ್ಲಿಯೂ ಘ್ರಾಣಾನುಭವದಲ್ಲಿಯೂ ಇವು ಪರಸ್ಪರ ಭಿನ್ನವಾಗಿವೆ.

ಬೆಳೆ

ಏಲಕ್ಕಿಯು ಶುಂಠಿಯ ಕುಟುಂಬಕ್ಕೆ ಸೇರಿದ ಸಸ್ಯ. ಇದಕ್ಕೆ ನೆರಳು, ತೇವ ಮತ್ತು ಎಲೆಗೊಬ್ಬರದಿಂದ ಕೂಡಿದ ಮಣ್ಣು ಬೇಕು. ಇದರ ಪರಾಗಸ್ಪರ್ಶ ಮುಖ್ಯವಾಗಿ ಜೇನುನೊಣಗಳಿಂದ ನಡೆಯುತ್ತದೆ. ಕಾಳುಮೆಣಸು ವೀಳ್ಯದೆಲೆಯ ಕುಟುಂಬದ ಬಳ್ಳಿಯಾಗಿದ್ದು, ಕಾಫಿಗೆ ನೆರಳು ನೀಡುವ ಸಿಲ್ವರ್ ಓಕ್ ಮೊದಲಾದ ಮರಗಳಿಗೆ ಹಬ್ಬಿಕೊಳ್ಳುತ್ತದೆ. ಹೀಗಾಗಿ ಪ್ರತ್ಯೇಕ ಭೂಮಿಯಿಲ್ಲದೆ ಒಂದೇ ತೋಟದಲ್ಲಿ ಕಾಫಿಯೊಂದಿಗೆ ಮೆಣಸಿನ ಆದಾಯವೂ ದೊರೆಯುತ್ತದೆ.

ಮೂಡಿಗೆರೆಯಲ್ಲಿರುವ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವು ಮೂಡಿಗೆರೆ-1 ಮತ್ತು ಮೂಡಿಗೆರೆ-2 ಎಂಬ ಏಲಕ್ಕಿ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಏಲಕ್ಕಿಗೆ ಗಿಡಹೇನುಗಳ ಮೂಲಕ ಹರಡುವ ಕಟ್ಟೆ ರೋಗ, ಮೆಣಸಿಗೆ ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಶೀಘ್ರ ಸೊರಗು ರೋಗ ಪ್ರಮುಖ ಬಾಧೆಗಳು. ಕಟ್ಟೆ ವೈರಾಣುವಿನಿಂದ ಬರುವ ರೋಗವಾದುದರಿಂದ ಅದಕ್ಕೆ ಔಷಧವಿಲ್ಲ. ರೋಗ ತಗಲಿದ ಗಿಡವನ್ನು ಬುಡಸಹಿತ ಕಿತ್ತು ನಾಶಪಡಿಸುವುದೇ ಕ್ರಮ.

ರಾಸಾಯನಿಕ ಸಂಯೋಜನೆ

ಏಲಕ್ಕಿಯ ಪರಿಮಳ ಅದರ ಬೀಜದಲ್ಲಿದೆ. ಸಿಪ್ಪೆಯಲ್ಲಿ ತೈಲಾಂಶ ಅತ್ಯಲ್ಪ. ತೈಲದ ಎರಡು ಮುಖ್ಯ ಘಟಕಗಳು 1,8-ಸಿನಿಯೋಲ್ ಮತ್ತು ಆಲ್ಫಾ-ಟರ್ಪಿನೈಲ್ ಅಸಿಟೇಟ್. ಮೊದಲನೆಯದು ನೀಲಗಿರಿ ಎಣ್ಣೆಯಲ್ಲಿಯೂ ಇರುವ, ಮೂಗಿಗೆ ತಂಪಾಗಿ ತಾಗುವ ಕರ್ಪೂರಸದೃಶ ವಾಸನೆಯನ್ನು ಕೊಡುತ್ತದೆ. ಎರಡನೆಯದು ಸಿಹಿಯಾದ, ಹೂವನ್ನು ಹೋಲುವ ಕಂಪನ್ನು ಕೊಡುತ್ತದೆ. ಕರ್ನಾಟಕದಲ್ಲಿ ಹೆಚ್ಚಾಗಿ ಬೆಳೆಯುವ ಮಲಬಾರ್ ಬಗೆಯಲ್ಲಿ ಸಿನಿಯೋಲ್ ಪ್ರಮಾಣ ಅಧಿಕವಾಗಿರುವುದರಿಂದ ಅದರ ವಾಸನೆ ತೀಕ್ಷ್ಣವಾಗಿರುತ್ತದೆ. ‘ಮೈಸೂರು’ ಎಂದು ಕರೆಯಲಾಗುವ ಬಗೆಯ ಕಂಪು ಇನ್ನಷ್ಟು ಮೃದು.

ಕಾಳುಮೆಣಸಿನ ತೈಲದಲ್ಲಿ ಪೈನೀನ್, ಸ್ಯಾಬಿನೀನ್, ಲಿಮೊನೀನ್ ಮತ್ತು ಬೀಟಾ-ಕ್ಯಾರಿಯೋಫಿಲೀನ್ ಪ್ರಧಾನವಾಗಿವೆ. ಮೆಣಸಿನ ಖಾರಕ್ಕೆ ಕಾರಣವಾದ ಪೈಪರೀನ್ ಆವಿಯಾಗುವ ವಸ್ತುವಲ್ಲ. ಆದ್ದರಿಂದ ಹಬೆಯಿಂದ ಬಟ್ಟಿ ಇಳಿಸಿದ ತೈಲದಲ್ಲಿ ಮೆಣಸಿನ ವಾಸನೆಯಿದ್ದರೂ ನಾಲಿಗೆಯನ್ನು ಸುಡುವ ಖಾರವಿರುವುದಿಲ್ಲ. ಮೆಣಸಿನ ವಿಶಿಷ್ಟ ವಾಸನೆಗೆ ರೊಟಂಡೋನ್ ಎಂಬ ಸಂಯುಕ್ತ ಕಾರಣವೆಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಭಾಗವಹಿಸಿದವರ ಪೈಕಿ ಸುಮಾರು ಶೇಕಡಾ 20ರಷ್ಟು ಮಂದಿಗೆ ಈ ವಾಸನೆ ಗೊತ್ತಾಗಲೇ ಇಲ್ಲ. ಒಂದೇ ಸುಗಂಧವನ್ನು ಇಬ್ಬರು ಬೇರೆ ಬೇರೆಯಾಗಿ ವರ್ಣಿಸುವುದಕ್ಕೆ ಇದೂ ಒಂದು ಕಾರಣ.

ಸಂಸ್ಕರಣೆ ಮತ್ತು ಗುಣಮಟ್ಟ

ಪರಿಮಳದ ಗುಣಮಟ್ಟ ಕೊಯ್ಲು ಮತ್ತು ಒಣಗಿಸುವ ಹಂತಗಳನ್ನು ಬಹಳಮಟ್ಟಿಗೆ ಅವಲಂಬಿಸಿದೆ. ಏಲಕ್ಕಿಯನ್ನು ನೇರ ಬಿಸಿಲಿನಲ್ಲಿ ಹರಡಿದರೆ ಹಸಿರು ಬಣ್ಣ ಮಾಸುತ್ತದೆ. ಆದ್ದರಿಂದ ಅದನ್ನು ಒಣಗಿಸುವ ಕೋಣೆಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಶಾಖ ಹೆಚ್ಚಾದರೆ ತೈಲಾಂಶವೂ ನಷ್ಟವಾಗುತ್ತದೆ. ಬೀಜವನ್ನು ಸಿಪ್ಪೆಯಿಂದ ಬೇರ್ಪಡಿಸಿಟ್ಟರೆ ಕಂಪು ಬೇಗನೆ ಕುಂದುತ್ತದೆ.

ಮೆಣಸನ್ನು ಗೊಂಚಲಿನ ಒಂದೆರಡು ಕಾಳುಗಳು ಹಣ್ಣಾದೊಡನೆ ಕೊಯ್ದು, ಕಣದಲ್ಲಿ ಬಿಸಿಲಿಗೆ ಒಣಗಿಸಲಾಗುತ್ತದೆ. ತೈಲ ತೆಗೆಯಲು ಪೂರ್ಣ ಬಲಿತ ಕಾಳುಗಳೇ ಬೇಕೆಂದಿಲ್ಲ. ಪಿಷ್ಟ ಕಡಿಮೆಯಿರುವ ಎಳೆಯ ಹಗುರ ಕಾಳುಗಳಲ್ಲಿ ತೈಲದ ಪ್ರಮಾಣ ಹೆಚ್ಚಾಗಿರುವುದರಿಂದ ಅವುಗಳಿಗೂ ಬೇಡಿಕೆಯಿದೆ.

ಸುಗಂಧದ್ರವ್ಯಗಳಲ್ಲಿ ಬಳಕೆ

ಫ್ರೆಂಚ್ ಸುಗಂಧ ತಯಾರಕ ಜಾನ್-ಕ್ಲೋಡ್ ಎಲೆನಾ ಅವರ ಎರಡು ಕೃತಿಗಳು ಈ ಹೋಲಿಕೆಗೆ ಉತ್ತಮ ಉದಾಹರಣೆಗಳು. 1998ರಲ್ಲಿ ಕಾರ್ಟಿಯೇ ಸಂಸ್ಥೆಗಾಗಿ ರಚಿಸಿದ ‘ದೆಕ್ಲರಾಸಿಯೋಂ’ನಲ್ಲಿ ಏಲಕ್ಕಿ ಎದ್ದು ಕಾಣುತ್ತದೆ. 2006ರಲ್ಲಿ ಎರ್ಮೆಸ್ ಸಂಸ್ಥೆಗಾಗಿ ರಚಿಸಿದ ‘ತೆರ್ ದೆರ್ಮೆಸ್’ನಲ್ಲಿ ಕಿತ್ತಳೆ, ಮೆಣಸು, ದೇವದಾರು ಮತ್ತು ಲಾವಂಚದ ಛಾಯೆಗಳಿವೆ. ಮೊದಲನೆಯದರಲ್ಲಿ ಸಂಬಾರವು ತಾಜಾತನವನ್ನು ತಂದರೆ, ಎರಡನೆಯದರಲ್ಲಿ ಅದು ಒಣ ಮರ ಮತ್ತು ಮಣ್ಣಿನ ಭಾವವನ್ನು ಗಾಢಗೊಳಿಸುತ್ತದೆ.

ಚಳಿ ಹವೆಯಲ್ಲಿ

ಉಷ್ಣತೆ ಇಳಿದಂತೆ ಸುಗಂಧದ ಅಣುಗಳು ಆವಿಯಾಗುವ ವೇಗವೂ ತಗ್ಗುತ್ತದೆ. ಬೇಸಿಗೆಯಲ್ಲಿ ಉಸಿರುಕಟ್ಟಿಸುವಷ್ಟು ದಟ್ಟವೆನಿಸುವ ಸಂಬಾರ ಪರಿಮಳಗಳು ಚಳಿಯಲ್ಲಿ ಹಿತವೆನಿಸುವುದು ಇದರಿಂದಲೇ. ಏಲಕ್ಕಿ ಮತ್ತು ಮೆಣಸಿನ ತೈಲಗಳ ಹಗುರ ಘಟಕಗಳು ಚರ್ಮದ ಮೇಲೆ ಬಹುಕಾಲ ನಿಲ್ಲುವುದಿಲ್ಲ. ಕಂಪು ಉಳಿಯಬೇಕಾದರೆ ಶ್ರೀಗಂಧ, ಲಾವಂಚ ಮೊದಲಾದ ನಿಧಾನವಾಗಿ ಆವಿಯಾಗುವ ಆಧಾರ ದ್ರವ್ಯಗಳು ಅಗತ್ಯ. ಎರಡರ ನಡುವೆ ಹೋಲಿಸಿದರೆ, ಏಲಕ್ಕಿಯ ಬೆಚ್ಚನೆಯಲ್ಲಿ ಸಿಹಿ ಮತ್ತು ತಂಪು ಬೆರೆತಿರುತ್ತವೆ; ಮೆಣಸಿನದು ಒಣ ಹಾಗೂ ಮರದಂತಹ ಬೆಚ್ಚನೆ.

ಸುರಕ್ಷತೆ

ಶುದ್ಧ ತೈಲಗಳನ್ನು ದುರ್ಬಲಗೊಳಿಸದೆ ನೇರವಾಗಿ ಚರ್ಮಕ್ಕೆ ಹಚ್ಚುವುದು ಸೂಕ್ತವಲ್ಲ. ಗಾಳಿಗೆ ತೆರೆದಿಟ್ಟ ತೈಲದಲ್ಲಿ ಲಿಮೊನೀನ್ ಉತ್ಕರ್ಷಣೆಗೊಂಡು ಚರ್ಮದ ಅಲರ್ಜಿಯನ್ನು ಉಂಟುಮಾಡಬಲ್ಲದು. ಆದ್ದರಿಂದ ಇವುಗಳನ್ನು ಬಿಗಿಯಾಗಿ ಮುಚ್ಚಿದ ಗಾಢ ಬಣ್ಣದ ಸೀಸೆಗಳಲ್ಲಿ, ಬಿಸಿಲು ತಾಗದ ತಂಪಾದ ಜಾಗದಲ್ಲಿ ಸಂಗ್ರಹಿಸಲಾಗುತ್ತದೆ.